ಇಳಿಯುತ್ತೆ, ಹತ್ತಲ್ಲ: ಎಡಗಡೆ ಪವರ್ ವಿಂಡೋ ತಲೆನೋವು

ಬೇಲೂರುರಸ್ತೆ, ಹಾಸನ
ಜುಲೈ 8, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92 ಸಾವಿರ ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ. ಹಾಕಿದ್ರೆ ಮೂರನೇ ಕಾಮೆಂಟಿಗೇ "ನಾನು ಅವತ್ತೇ ಹೇಳಿದ್ದೆ, ಆ ಗಾಡಿ ತಗೋಬೇಡಿ ಅಂತ" ಅನ್ನೋರು ಬರ್ತಾರೆ, ಕಿಟಕಿ ವಿಷಯ ಅಲ್ಲಿಗೆ ಮುಗೀತು.

ತೊಂದರೆ ಎಡಗಡೆ ಮುಂದಿನ ಕಿಟಕಿದು. ಇಳಿಸಿದ್ರೆ ಇಳಿಯುತ್ತೆ, ಸ್ವಲ್ಪ ನಿಧಾನ. ಏರಿಸಿದ್ರೆ ಎರಡು ಬೆರಳಷ್ಟು ಬಂದು ನಿಂತುಬಿಡುತ್ತೆ. ಗೊತ್ತಾಗಿದ್ದು ಮೊನ್ನೆ ಭಾನುವಾರ, ಧರ್ಮಸ್ಥಳದಿಂದ ವಾಪಸ್ ಬರುವಾಗ. ಚಾರ್ಮಾಡಿ ಘಾಟಿಯಲ್ಲಿ ಜಲಪಾತದ ಫೋಟೋ ತೆಗೀತೀನಿ ಅಂತ ಹೆಂಡತಿ ಕಿಟಕಿ ಇಳಿಸಿದ್ಲು. ಪುನರ್ವಸು ಮಳೆ ಹಿಡಿದಿದ್ದೇ ಆ ಗಳಿಗೆಯಲ್ಲಿ. ಏರಿಸೋಕೆ ಹೋದ್ರೆ "ಗುಂಯ್" ಅಂತ ಸಣ್ಣಗೆ ಅನ್ನುತ್ತೆ, ಗಾಜು ಮೇಲೆ ಬರಲ್ಲ. ಘಾಟಿ ಮುಗಿಯೋವರೆಗೂ ಅವಳು ಕೊಡೆ ಬಿಚ್ಚಿಕೊಂಡೇ ಕೂತಿದ್ಲು, ಕಾರೊಳಗೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣ ಅಂತ ನಿಲ್ಲಿಸಿದಾಗ, ಇಳಿಯೋ ಮೊದಲು ಸುಮ್ಮನೆ ಇನ್ನೊಂದ್ಸಲ ಒತ್ತಿದ್ಲಂತೆ, ಸರ್ ಅಂತ ಮೇಲೆ ಬಂತು. ಮೂಡಿಗೆರೆ ದಾಟಿದ ಮೇಲೆ ಬಿಸಿಲು ಬಂತು ಅಂತ ಮತ್ತೆ ಇಳಿಸಿದ್ವಿ (ನಮ್ಮ ಬುದ್ಧಿ), ಮತ್ತೆ ಅದೇ ಕಥೆ.

ಇವತ್ತು ಇಲ್ಲೇ ಒಂದು ಗ್ಯಾರೇಜಿಗೆ ತೋರಿಸಿದೆ. ಬಟನ್ ಎರಡು ಸಲ ಒತ್ತಿ ನೋಡಿ "ಮೋಟಾರ್ ಹೋಗಿದೆ ಸಾರ್, ರೆಗ್ಯುಲೇಟರ್ ಸಮೇತ ಬರುತ್ತೆ, 4,800 ಆಗುತ್ತೆ" ಅಂದ್ರು. (ರೆಗ್ಯುಲೇಟರ್ ಅಂದ್ರೆ ಗಾಜನ್ನ ಏರಿಸಿ ಇಳಿಸೋ ಮೆಕ್ಯಾನಿಸಂ.) ಅಷ್ಟು ಕೊಡೋ ಮೊದಲು ನಾನೇ ಏನಾದ್ರೂ ನೋಡಬಹುದಾ? ಸ್ಕ್ರೂಡ್ರೈವರ್ ಹಿಡಿಯೋಕೆ ಬರುತ್ತೆ, ಒಂದು ಮಲ್ಟಿಮೀಟರ್ ಇದೆ.

ಮಳೆಕಾಡು, ಸಕಲೇಶಪುರ
ಜುಲೈ 8, ರಾತ್ರಿ 10:31

ಸರಿ ಆಗೋವರೆಗೂ ನಮ್ಮ ಕಡೆ ಬರಬೇಡಿ ಗುರುವೇ. ಇಲ್ಲಿ ಕಿಟಕಿ ತೆಗೆದಿದ್ರೆ ಆನೆ ಸೊಂಡ್ಲು ಹಾಕಿ ಡ್ಯಾಶ್‌ಬೋರ್ಡ್ ಮೇಲಿರೋ ಬಾಳೆಹಣ್ಣು ಎತ್ಕೊಂಡು ಹೋಗುತ್ತೆ.

ತೋಟದಮನೆ, ಮೂಡಿಗೆರೆ
ಜುಲೈ 8, ರಾತ್ರಿ 11:05

ಮಾರಾಯ್ರೆ, 4,800 ಈಗಲೇ ಕೊಡಬೇಡಿ. ಮಲೆನಾಡಲ್ಲಿ ಓಡೋ ಗಾಡಿಗೆ ಮೊದಲು ನೋಡಬೇಕಾದ್ದು ಗಾಜು ಜಾರೋ ರಬ್ಬರ್ ಚಾನೆಲ್. ಬೇಸಿಗೆ ಪೂರ್ತಿ ಕೆಂಪು ಧೂಳು ಕೂರ್ತದೆ, ಮಳೆಗಾಲಕ್ಕೆ ಅದೇ ಕೆಸರಾಗ್ತದೆ, ಅದರ ಮೇಲೆ ಪಾಚಿ. ನನ್ನ ಜೀಪಿನ ಪಕ್ಕದಲ್ಲೇ ನಿಲ್ಲಿಸೋ ಕಾರಿನ ಚಾನೆಲ್ಲಲ್ಲಿ ಒಂದ್ಸಲ ಜರೀಗಿಡದ ಸಸಿಯೇ ಹುಟ್ಟಿತ್ತು. ಗಾಜು ಬಿಗಿಯಾದ್ರೆ ಮೋಟಾರ್ ಎಷ್ಟು ಅಂತ ಎಳೀತದೆ?

ಗಾಜು ಪೂರ್ತಿ ಇಳಿಸಿ. ತೆಳು ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಬದಿ ಚಾನೆಲ್ ಒಳಗೆ ಕೆಳಗಿನವರೆಗೂ ಉಜ್ಜಿ. ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡಬೇಡಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೀರಿ. ಗ್ರೀಸ್, ಎಂಜಿನ್ ಆಯಿಲ್, ತುಕ್ಕು ಬಿಡಿಸೋ ಸ್ಪ್ರೇ ಯಾವುದೂ ಬೇಡ. ಪೆಟ್ರೋಲಿಯಂ ಎಣ್ಣೆ ಮುಟ್ಟಿದ್ರೆ ರಬ್ಬರ್ ಉಬ್ಬಿ ಮೆತ್ತಗಾಗ್ತದೆ, ಎರಡು ತಿಂಗಳು ಬಿಟ್ಟು ಇನ್ನೂ ಬಿಗಿಯಾಗ್ತದೆ. ತೆಂಗಿನೆಣ್ಣೆ ಹಾಕಿದವರೂ ನನಗೆ ಗೊತ್ತು, ಅವರ ಬಗ್ಗೆ ಮಾತಾಡೋದು ಬೇಡ.

ಹಳೆವೈರ್, ಚಿಕ್ಕಮಗಳೂರು
ಜುಲೈ 9, ಬೆಳಿಗ್ಗೆ 6:20

ಮೂವತ್ತು ವರ್ಷ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಕೆಲವು ಪ್ರಶ್ನೆ ಕೇಳ್ತೇನೆ, ಉತ್ತರ ಹೇಳಿ.

ರಾತ್ರಿ ಹೊತ್ತು ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ಒಳಗಿನ ದೀಪ ಹಾಕಿ ಏರಿಸೋ ಬಟನ್ ಒತ್ತಿ. ದೀಪ ಮಂಕಾಗ್ತದಾ? ಮಂಕಾದ್ರೆ ಮೋಟಾರ್ ಕರೆಂಟ್ ಎಳೀತಾ ಇದೆ, ಆದ್ರೆ ಗಾಜು ಸಿಕ್ಕಿಕೊಂಡಿದೆ ಅಂತ. ಆಗ ಚಾನೆಲ್ ನೋಡಿ, ರೆಗ್ಯುಲೇಟರ್ ನೋಡಿ. ದೀಪ ಅಲುಗಾಡದೇ ಇದ್ರೆ ಮೋಟಾರಿಗೆ ಹೊಟ್ಟೆ ತುಂಬಾ ಊಟ ಸಿಗ್ತಾ ಇಲ್ಲ ಅಂತ.

ಡ್ರೈವರ್ ಕಡೆ ಬಟನ್ನಿಂದಲೂ ಎಡ ಬಾಗಿಲಿನ ಸ್ವಂತ ಬಟನ್ನಿಂದಲೂ ಒಂದೇ ಥರವಾ, ಅಥವಾ ಒಂದರಲ್ಲಿ ಸರಿ ಇದೆಯಾ? ಉಳಿದ ಮೂರು ಕಿಟಕಿ ಹೇಗಿವೆ?

ಗಾಜನ್ನ ಕೈಯಲ್ಲಿ ಅದುಮಿ "ಬಿಗಿ ಇದೆ" ಅಂತ ತೀರ್ಮಾನ ಮಾಡಬೇಡಿ. ಮೋಟಾರಿನ ಬಾಯಲ್ಲಿ ವರ್ಮ್ ಗೇರ್ ಇದೆ, ಮೋಟಾರ್ ತಿರುಗಿದ್ರೆ ಗಾಜು ಹೋಗ್ತದೆ, ಗಾಜು ಒತ್ತಿದ್ರೆ ಮೋಟಾರ್ ತಿರುಗಲ್ಲ. ಕಳ್ಳರು ಗಾಜು ಒತ್ತಿ ಇಳಿಸಬಾರದಲ್ಲ, ಅದಕ್ಕೆ.

ಬೇಲೂರುರಸ್ತೆ, ಹಾಸನ
ಜುಲೈ 9, ರಾತ್ರಿ 9:48

ತೋಟದಮನೆಯವರು ಹೇಳಿದ ಹಾಗೆ ಚಾನೆಲ್ ಉಜ್ಜಿದೆ. ಎರಡು ಹಳೆ ಬನಿಯನ್ ಕಾಫಿಪುಡಿ ಬಣ್ಣಕ್ಕೆ ತಿರುಗಿದ್ವು. ಸ್ಪ್ರೇನೂ ಆಯ್ತು. ಮೊದಲು ಎರಡು ಬೆರಳು ಏರ್ತಿದ್ದ ಗಾಜು ಈಗ ಮೂರು ಬೆರಳು ಏರುತ್ತೆ. ಅಷ್ಟೇ.

ಹಳೆವೈರ್ ಸಾರ್, ದೀಪ ಮಂಕಾಗಲ್ಲ. ಹಿಂದಿನ ಕಿಟಕಿ ಏರಿಸಿದಾಗ ಸ್ವಲ್ಪ ಮಂಕಾಗುತ್ತೆ, ಇದಕ್ಕೆ ಇಲ್ಲ. ಎರಡೂ ಬಟನ್ನಲ್ಲೂ ಒಂದೇ ಥರ. ಉಳಿದ ಮೂರೂ ಚೆನ್ನಾಗಿವೆ.

ರಾಗಿಮುದ್ದೆ, ಚನ್ನರಾಯಪಟ್ಟಣ
ಜುಲೈ 9, ರಾತ್ರಿ 10:02

ನಡುವೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನನ್ನದು ಡ್ರೈವರ್ ಕಿಟಕಿ ಬಿಟ್ಟು ಮೂರೂ ಇದ್ದಕ್ಕಿದ್ದಂತೆ ನಿಂತುಹೋಗಿವೆ. ಫ್ಯೂಸ್ ಇರಬಹುದಾ? ಎಷ್ಟು ಖರ್ಚಾಗುತ್ತೆ?

ಮಳೆಕಾಡು, ಸಕಲೇಶಪುರ
ಜುಲೈ 9, ರಾತ್ರಿ 10:04

ಡ್ರೈವರ್ ಬಾಗಿಲಲ್ಲಿ ಕಿಟಕಿ ಚಿತ್ರಕ್ಕೆ ಅಡ್ಡಗೆರೆ ಎಳೆದಿರೋ ಒಂದು ಬಟನ್ ಇದೆ. ಒತ್ತಿ.

ರಾಗಿಮುದ್ದೆ, ಚನ್ನರಾಯಪಟ್ಟಣ
ಜುಲೈ 9, ರಾತ್ರಿ 10:15

ಥೂ. ಮಗ ಒತ್ತಿಟ್ಟಿದ್ದ. ನಾಲ್ಕು ದಿನದಿಂದ ಮನೆಮಂದಿ ಎಲ್ಲ ಬೇಯ್ತಾ ಇದ್ವಿ.

ಹಳೆವೈರ್, ಚಿಕ್ಕಮಗಳೂರು
ಜುಲೈ 10, ಬೆಳಿಗ್ಗೆ 6:05

ಬೇಲೂರುರಸ್ತೆಯವರೇ, ಉತ್ತರ ಸ್ಪಷ್ಟವಾಗಿದೆ. ದೀಪ ಮಂಕಾಗಲ್ಲ ಅಂದ್ರೆ ಮೋಟಾರಿನವರೆಗೆ ಪೂರ್ತಿ ಕರೆಂಟ್ ಹೋಗ್ತಾ ಇಲ್ಲ, ಇಲ್ಲಾ ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸೋ ಬ್ರಶ್ ಸವೆದಿದೆ. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಬಾಗಿಲ ಪ್ಯಾನೆಲ್ ಬಿಚ್ಚಲೇಬೇಕು.

ಮೊದಲು ಈ ಮೋಟಾರಿನ ವೈರಿಂಗ್ ಅರ್ಥ ಮಾಡಿಕೊಳ್ಳಿ. ಬಲ್ಬಿನ ಹಾಗೆ ಒಂದು ಪ್ಲಸ್, ಒಂದು ಬಾಡಿ ಅಲ್ಲ ಇದು. ಬಟನ್ ಮುಟ್ಟದೇ ಇದ್ದಾಗ ಮೋಟಾರಿನ ಎರಡೂ ವೈರು ಅರ್ಥಿಂಗಿಗೆ ಸೇರಿರ್ತವೆ. ಏರಿಸು ಅಂದ್ರೆ ಒಂದು ವೈರಿಗೆ 12 ವೋಲ್ಟ್ ಬರ್ತದೆ, ಇಳಿಸು ಅಂದ್ರೆ ಇನ್ನೊಂದಕ್ಕೆ. 12 ವೋಲ್ಟ್ ಬಾರದ ವೈರು ಅರ್ಥಿಂಗಾಗಿ ಉಳೀತದೆ. ಆ ಅರ್ಥಿಂಗ್ ಎಷ್ಟೋ ಹಳೆ ಗಾಡಿಗಳಲ್ಲಿ ಡ್ರೈವರ್ ಕಡೆಯ ದೊಡ್ಡ ಸ್ವಿಚ್ಚಿನ ಒಳಗಿಂದಲೇ ಹಾದು ಹೋಗ್ತದೆ. ಹಾಗಾಗಿ ಎಡಗಡೆ ಕಿಟಕಿ ಎಡಗಡೆ ಬಟನ್ನಲ್ಲೂ ಕೆಲಸ ಮಾಡದೇ ಇರೋಕೆ ಬಲಗಡೆ ಸ್ವಿಚ್ಚಿನ ಸುಟ್ಟ ಕಾಂಟ್ಯಾಕ್ಟ್ ಕಾರಣ ಆಗಬಹುದು. ಇದು ತಿಳಿಯದೆ ಮೋಟಾರ್ ಮೇಲೆ ಮೋಟಾರ್ ಹಾಕಿದ ಗಾಡಿಗಳು ನನ್ನ ಹತ್ರ ಬರ್ತಿದ್ವು. ಹೊಸ ಗಾಡಿಗಳಲ್ಲಿ ಬಾಗಿಲಿಗೊಂದು ಕಂಟ್ರೋಲ್ ಮಾಡ್ಯೂಲ್ ಇರ್ತದೆ, ಅಲ್ಲಿ ಸ್ಕ್ಯಾನರ್ ಇಲ್ಲದೆ ಆಗಲ್ಲ. ನಿಮ್ಮದು ಹಳೇ ಪದ್ಧತಿ ಅಂತ ಕಾಣ್ತದೆ.

ಈಗ ಇಳಿಯೋದು, ಹತ್ತದೇ ಇರೋದರ ಗುಟ್ಟು. ಇಳಿಯುವಾಗ ಗಾಜಿನ ಭಾರವೇ ಸಹಾಯ ಮಾಡ್ತದೆ. ಹತ್ತುವಾಗ ಭಾರ ಎತ್ತಬೇಕು. ಸೊರಗಿದ ಮೋಟಾರ್ ಇಳಿಸ್ತದೆ, ಎತ್ತಲ್ಲ. ಹಾಗಾಗಿ "ಒಂದು ಕಡೆ ಕೆಲಸ ಮಾಡ್ತದೆ, ಆದ್ದರಿಂದ ವೈರು ಸರಿ ಇದೆ" ಅನ್ನೋ ವಾದ ಒಪ್ಪಬೇಡಿ.

ಬಿಚ್ಚೋ ಮೊದಲು ಗಾಜು ಎಲ್ಲಿದೆಯೋ ಅಲ್ಲೇ ಅಗಲ ಟೇಪಿನಿಂದ ಬಾಗಿಲ ಚೌಕಟ್ಟಿನ ಮೇಲಿಂದ ಸುತ್ತಿ ಕಟ್ಟಿ. ಕೈ ಬೆರಳು ಮೆಕ್ಯಾನಿಸಂ ಒಳಗಿರುವಾಗ ಯಾರೂ ಬಟನ್ ಮುಟ್ಟಬಾರದು, ಕೀ ನಿಮ್ಮ ಜೇಬಲ್ಲಿರಲಿ. ಬಾಗಿಲ ತಗಡಿನ ಅಂಚು ಬ್ಲೇಡಿನ ಹಾಗೆ, ಗ್ಲೌಸ್ ಹಾಕಿ. ಕ್ಲಿಪ್ಪು ಹತ್ತು ಜಾಸ್ತಿ ತಂದಿಟ್ಟುಕೊಳ್ಳಿ, ಎರಡಾದ್ರೂ ಮುರಿಯೋದೇ.

ಬೇಲೂರುರಸ್ತೆ, ಹಾಸನ
ಜುಲೈ 12, ಸಂಜೆ 6:40

ಇವತ್ತು ಎರಡನೇ ಶನಿವಾರ, ರಜೆ. ಬಿಚ್ಚಿದೆ. ಹಿಡಿಯ ಹಿಂದೆ ಒಂದು ಸ್ಕ್ರೂ, ಕೈ ಇಡೋ ಜಾಗದ ತಳದಲ್ಲಿ ಮುಚ್ಚಳದ ಕೆಳಗೆ ಇನ್ನೊಂದು. ಅದು ಸಿಗದೆ ಅರ್ಧ ಗಂಟೆ ಎಳೆದಾಡಿದೆ. ಮುರಿದ ಕ್ಲಿಪ್ಪು ಮೂರು.

ಒಳಗಿನ ಪ್ಲಾಸ್ಟಿಕ್ ಹಾಳೆ ಕೆಳಗಡೆ ಹರಿದುಹೋಗಿತ್ತು. ಬಾಗಿಲ ತಳದ ನೀರು ಹೋಗೋ ತೂತುಗಳು ಎಲೆ, ಮಣ್ಣು ಸೇರಿ ಗಾರೆ ಹಾಕಿದ ಹಾಗೆ ಮುಚ್ಚಿದ್ವು. ಕಡ್ಡಿ ಆಡಿಸಿದೆ, ಅರ್ಧ ಚೊಂಬು ನೀರು ಸುರೀತು! ಬಾಗಿಲಲ್ಲಿ ಇಷ್ಟು ದಿನ ಕೆರೆ ಕಟ್ಟಿಕೊಂಡು ಓಡಾಡ್ತಿದ್ದೆ.

ಮೋಟಾರಿನ ಕನೆಕ್ಟರಿಗೆ ಮೀಟರ್ ಹಿಡಿದೆ, ಏರಿಸೋ ಬಟನ್ ಒತ್ತಿದಾಗ 12.3 ವೋಲ್ಟ್. ಇಳಿಸಿದಾಗ ಮೈನಸ್ 12.3. ಕನೆಕ್ಟರ್ ವಾಪಸ್ ಹಾಕಿ ಒತ್ತಿದೆ, ಗಾಜು ರೈಟ್ ಹೇಳ್ಕೊಂಡು ಮೇಲೆ ಹೋಯ್ತು! ಹತ್ತು ಸಲ ಏರಿಸಿ ಇಳಿಸಿದೆ. ನೀರಿಂದಲೇ ಆಗಿದ್ದು ಅಂತ ಕಾಣುತ್ತೆ. ಪ್ಯಾನೆಲ್ ಹಾಕ್ತಿದ್ದೀನಿ. ಎಲ್ಲರಿಗೂ ಧನ್ಯವಾದ, 4,800 ಉಳೀತು.

ಬೇಲೂರುರಸ್ತೆ, ಹಾಸನ
ಜುಲೈ 12, ರಾತ್ರಿ 8:15

ಧನ್ಯವಾದ ವಾಪಸ್. ಎಲ್ಲ ಮುಚ್ಚಿ, ಬಾಗಿಲು ಹಾಕಿ, ಮನೆಯವರನ್ನ ಕೂರಿಸ್ಕೊಂಡು ಸಾಲಗಾಮೆ ರಸ್ತೆಯಲ್ಲಿ ಒಂದು ರೌಂಡ್ ಹೋದೆ. ಕಿಟಕಿ ಮೂರು ಬೆರಳಿಗೆ ನಿಂತಿದೆ. ಬಿಚ್ಚಿದಾಗ ಹತ್ತುತ್ತೆ, ಮುಚ್ಚಿದಾಗ ಹತ್ತಲ್ಲ. ಯಾರದಾದ್ರೂ ದೃಷ್ಟಿ ಬಿದ್ದಿದೆಯಾ? ನಿಂಬೆಹಣ್ಣು ಕಟ್ಟಲಾ?

ಮಳೆಕಾಡು, ಸಕಲೇಶಪುರ
ಜುಲೈ 12, ರಾತ್ರಿ 8:20

ಮೆಣಸಿನಕಾಯಿ ಮರೀಬೇಡಿ. 7 ಇರಬೇಕು.

ತೋಟದಮನೆ, ಮೂಡಿಗೆರೆ
ಜುಲೈ 12, ರಾತ್ರಿ 8:52

ಪ್ಯಾನೆಲ್ ಹಾಕುವಾಗ ಏನಾದ್ರೂ ಗಾಜಿಗೆ ತಾಗ್ತಾ ಇದೆಯಾ? ಇಲ್ಲದಿದ್ರೆ ಹತ್ತು ಸಲ ಆಡಿಸಿದ್ದಕ್ಕೆ ಮೋಟಾರ್ ಬಿಸಿಯಾಗಿ ಕಟ್ ಆಗಿರಬಹುದು. ಒಳಗೆ ಬಿಸಿಗೆ ಕರೆಂಟ್ ನಿಲ್ಲಿಸೋ ಒಂದು ಬಿಲ್ಲೆ ಇರ್ತದೆ, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡ್ತದೆ. ನನ್ನ ಮೊಮ್ಮಗಳು ಕಿಟಕಿ ಆಟ ಆಡಿದಾಗೆಲ್ಲ ಹೀಗಾಗ್ತದೆ.

ಹಳೆವೈರ್, ಚಿಕ್ಕಮಗಳೂರು
ಜುಲೈ 13, ಬೆಳಿಗ್ಗೆ 5:50

ತಪ್ಪು ನನ್ನದು. ನಿಮ್ಮ ಮೊದಲನೇ ಬರಹವನ್ನ ಸರಿಯಾಗಿ ಓದಲಿಲ್ಲ. ಕೊಟ್ಟಿಗೆಹಾರದಲ್ಲಿ ಇಳಿಯೋ ಮೊದಲು ಒತ್ತಿದಾಗ ಸರ್ ಅಂತ ಬಂತು ಅಂದಿದ್ರಿ. ಆಗ ಬಾಗಿಲು ತೆಗೆದಿತ್ತಾ? ಮನೆಯವರನ್ನ ಕೇಳಿ. ನಿನ್ನೆ ಪ್ಯಾನೆಲ್ ಬಿಚ್ಚಿ ಪರೀಕ್ಷೆ ಮಾಡಿದಾಗ ಬಾಗಿಲು ತೆರೆದೇ ಇತ್ತಲ್ವಾ?

ಬೇಲೂರುರಸ್ತೆ, ಹಾಸನ
ಜುಲೈ 13, ಬೆಳಿಗ್ಗೆ 8:30

ಕೇಳಿದೆ. ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಿದ್ಲಂತೆ. ನಿನ್ನೆಯೂ ಬಾಗಿಲು ಪೂರ್ತಿ ತೆರೆದಿತ್ತು. ಈಗ ಕೆಳಗೆ ಹೋಗಿ ನೋಡಿಕೊಂಡು ಬಂದೆ. ಬಾಗಿಲು ತೆಗೆದ್ರೆ ಹತ್ತುತ್ತೆ, ಹಾಕಿದ್ರೆ ನಿಲ್ಲುತ್ತೆ. ಅಯ್ಯೋ ದೇವರೇ.

ಹಳೆವೈರ್, ಚಿಕ್ಕಮಗಳೂರು
ಜುಲೈ 13, ಬೆಳಿಗ್ಗೆ 9:10

ಸಿಕ್ಕಿತು. ಬಾಗಿಲಿಗೂ ಮುಂದಿನ ಕಂಬಕ್ಕೂ ಮಧ್ಯೆ ಹಿಂಜುಗಳ ನಡುವೆ ಮಡಿಕೆ ಮಡಿಕೆಯ ಕಪ್ಪು ರಬ್ಬರ್ ಕೊಳವೆ ಇದೆ ನೋಡಿ, ಬೆಲ್ಲೋ ಅಂತೀವಿ. ಬಾಗಿಲಿಗೆ ಹೋಗೋ ಎಲ್ಲ ವೈರೂ ಅದರೊಳಗಿಂದ ಹೋಗ್ತವೆ. ಪ್ರತಿ ಸಲ ಬಾಗಿಲು ತೆಗೆದು ಹಾಕಿದಾಗ ಆ ವೈರು ಮಡಚಿ ಬಿಚ್ಚಿಕೊಳ್ತವೆ. ವರ್ಷಗಟ್ಟಲೆ ಹೀಗಾದ ಮೇಲೆ ಒಳಗಿನ ಎಳೆಗಳು ಒಂದೊಂದಾಗಿ ಮುರೀತವೆ, ಮೇಲಿನ ಸಿಪ್ಪೆ ಮಾತ್ರ ಗಟ್ಟಿಯಾಗಿರ್ತದೆ. ಬಾಗಿಲು ಹಾಕಿದಾಗ ಎಳೆಗಳು ದೂರ ಸರಿದು ಒಂದೆರಡು ಮಾತ್ರ ತಾಗಿಕೊಂಡಿರ್ತವೆ, ತೆಗೆದಾಗ ಮತ್ತೆ ಕೂಡ್ತವೆ. ಕೆಲವು ಗಾಡಿಯಲ್ಲಿ ಇದರ ಉಲ್ಟಾ.

ಮೀಟರ್ ನಂಬಬೇಡಿ ಅಂತ ಮೊದಲೇ ಹೇಳಬೇಕಿತ್ತು. ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದ್ರೆ ಕರೆಂಟೇ ಹರಿಯಲ್ಲ, ಒಂದೇ ಒಂದು ಎಳೆ ಉಳಿದಿದ್ರೂ 12 ತೋರಿಸ್ತದೆ. ಮೋಟಾರ್ ಕರೆಂಟ್ ಎಳೆದಾಗಲೇ ಗೊತ್ತಾಗೋದು.

ತೋಟದಮನೆ, ಮೂಡಿಗೆರೆ
ಜುಲೈ 13, ಬೆಳಿಗ್ಗೆ 9:34

ಓಹೋ, ಇದು ನಮಗೆ ಗೊತ್ತಿರೋ ಕಥೆಯೇ. ಮಾರ್ಚಲ್ಲಿ ಹೂಮಳೆ ಬಾರದೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ, ವಾಲ್ವ್ ಮುಚ್ಚಿದ್ರೆ ಗೇಜಲ್ಲಿ ಪ್ರೆಶರ್ ಭರ್ಜರಿ. ವಾಲ್ವ್ ತೆಗೆದ್ರೆ ಜೆಟ್ ತಿರುಗೋದೇ ಇಲ್ಲ. ನಡುವೆ ಪೈಪಲ್ಲಿ ಕಪ್ಪೆ ಸಿಕ್ಕಿರ್ತದೆ.

ಹಳೆವೈರ್, ಚಿಕ್ಕಮಗಳೂರು
ಜುಲೈ 13, ಬೆಳಿಗ್ಗೆ 9:50

ಅದೇ, ಕಪ್ಪೆಯೇ. ಹುಡುಕೋಕೆ ಹಳೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ತಗೊಳ್ಳಿ. ಮೋಟಾರ್ ಕನೆಕ್ಟರಿಗೆ ಮೋಟಾರ್ ಬದಲು ಅದನ್ನ ಕೊಟ್ಟು, ಒಬ್ಬರು ಬಟನ್ ಒತ್ತಿ ಹಿಡೀಲಿ, ನೀವು ಬಾಗಿಲನ್ನ ನಿಧಾನ ಮುಚ್ಚುತ್ತಾ ಬನ್ನಿ. ಎಲ್ಲಿ ಬೆಳಕು ಇಳೀತದೆ ನೋಡಿ. ಎಲ್.ಇ.ಡಿ ಬಲ್ಬ್ ಬೇಡ, ಅದು ಕರೆಂಟ್ ಎಳೆಯೋದೇ ಕಮ್ಮಿ, ಮೀಟರಿನಷ್ಟೇ ಸುಳ್ಳು ಹೇಳ್ತದೆ.

ಬೇಲೂರುರಸ್ತೆ, ಹಾಸನ
ಜುಲೈ 13, ಮಧ್ಯಾಹ್ನ 3:25

ಸಾರ್, ನಿಮ್ಮ ಕಾಲಿಗೆ ಬೀಳಬೇಕು. ಬಾಗಿಲು ತೆರೆದಾಗ ಬಲ್ಬ್ ಕಣ್ಣು ಕುಕ್ಕೋ ಹಾಗೆ ಉರೀತು. ಮುಚ್ಚುತ್ತಾ ಬಂದ ಹಾಗೆ, ಒಂದು ಗೇಣು ಉಳಿದಾಗ, ಬೀಡಿ ಕೆಂಡದಷ್ಟಾಯ್ತು. ಬೆಲ್ಲೋ ಹಿಡಿದು ಅಲುಗಾಡಿಸಿದ್ರೆ ಮಿಣಮಿಣ. ಕುತೂಹಲಕ್ಕೆ ಮೋಟಾರ್ ಹಾಕಿ, ಅದು ಓಡುವಾಗಲೇ ಕನೆಕ್ಟರಿನ ಹಿಂದಿನಿಂದ ಮೀಟರ್ ಚುಚ್ಚಿ ನೋಡಿದೆ. ಬಾಗಿಲು ತೆಗೆದಿದ್ರೆ 11.2, ಹಾಕಿದ್ರೆ 5.4.

ಬ್ಯಾಟರಿಯ ಮೈನಸ್ ಬಿಚ್ಚಿ, ಕಾಲಿಡೋ ಜಾಗದ ಪಕ್ಕದ ಪ್ಲಾಸ್ಟಿಕ್ ತೆಗೆದು ಬೆಲ್ಲೋನ ಕಂಬದ ಕಡೆಯಿಂದ ಎಳೆದೆ. ಅಲ್ಲಿ ಅದು ಮೊದಲೇ ಅರ್ಧ ಕಳಚಿಕೊಂಡಿತ್ತು. ಮೂರು ವರ್ಷದ ಹಿಂದೆ ಸ್ಪೀಕರ್ ಹಾಕಿಸಿದ್ದೆ, ಅದರ ವೈರು ತೂರಿಸಿದವರು ವಾಪಸ್ ಕೂರಿಸಿಲ್ಲ. ಅಲ್ಲಿಂದಲೇ ನೀರು ಇಳಿದಿದೆ. ಮೋಟಾರಿನ ಎರಡು ದಪ್ಪ ವೈರಲ್ಲಿ ಒಂದನ್ನ ಬೆರಳಲ್ಲಿ ಎಳೆದ್ರೆ ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗುತ್ತೆ. ಸಿಪ್ಪೆ ಬಿಡಿಸಿದ್ರೆ ಒಳಗೆ ಹಸಿರು ಪುಡಿ, ಎರಡೇ ಎರಡು ಎಳೆ ಉಳಿದಿವೆ.

ಈಗ ತುದಿ ಕೂಡಿಸಿ ಸೋಲ್ಡರ್ ಮಾಡಿ ಟೇಪ್ ಸುತ್ತಿದ್ರೆ ಸಾಕಾ?

ಹಳೆವೈರ್, ಚಿಕ್ಕಮಗಳೂರು
ಜುಲೈ 13, ಸಂಜೆ 4:02

ಬೇಡ! ಮಡಚೋ ಜಾಗದಲ್ಲಿ ಸೋಲ್ಡರ್ ಮಾಡಬಾರದು. ಸೀಸ ಹೀರಿಕೊಂಡ ವೈರು ಕಡ್ಡಿಯಾಗ್ತದೆ, ಅದರ ಪಕ್ಕದಲ್ಲೇ ಮತ್ತೆ ಮುರೀತದೆ. ಬೆಲ್ಲೋ ಒಳಗೆ ಜಾಯಿಂಟೇ ಇರಬಾರದು. ಹಳೆ ವೈರನ್ನ ಬೆಲ್ಲೋದ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಕತ್ತರಿಸಿ, ನಡುವಿನ ತುಂಡು ಪೂರ್ತಿ ಹೊಸದು ಹಾಕಿ. ಒಂದು ಜಾಯಿಂಟ್ ಕಂಬದೊಳಗೆ, ಇನ್ನೊಂದು ಬಾಗಿಲೊಳಗೆ ಬರಲಿ, ಎರಡೂ ಅಲುಗಾಡದ ಜಾಗ. ಅದೇ ದಪ್ಪದ, ಸಣ್ಣ ಎಳೆ ಜಾಸ್ತಿ ಇರೋ ಗಾಡಿ ವೈರೇ ಬೇಕು. ಮನೆ ವೈರಿಂಗಿನ ಉಳಿದ ತುಂಡು ಹಾಕಬೇಡಿ, ಅದು ಗಟ್ಟಿ, ವರ್ಷ ಬರಲ್ಲ. ಜೊತೆಗಿರೋ ಎಲ್ಲ ವೈರನ್ನೂ ಒಂದೊಂದಾಗಿ ಎಳೆದು ನೋಡಿ, ಹಿಗ್ಗಿದ್ರೆ ಅದನ್ನೂ ಬದಲಾಯಿಸಿ. ಏರ್‌ಬ್ಯಾಗಿಗೆ ಸಂಬಂಧಪಟ್ಟ ವೈರು ಬಾಗಿಲಿಗೆ ಹೋಗಿದ್ರೆ ಅದಕ್ಕೆ ಮಾತ್ರ ಕೈ ಹಾಕಬೇಡಿ.

ತೋಟದಮನೆ, ಮೂಡಿಗೆರೆ
ಜುಲೈ 13, ಸಂಜೆ 5:15

ಕ್ರಿಂಪ್ (ವೈರಿನ ತುದಿಗಳನ್ನ ಲೋಹದ ಕೊಳವೆಯಲ್ಲಿಟ್ಟು ಒತ್ತಿ ಕೂಡಿಸೋದು) ಒಳ್ಳೇದೋ ಸೋಲ್ಡರ್ ಒಳ್ಳೇದೋ ಅಂತ ನಮ್ಮ ಎಸ್ಟೇಟ್ ಡ್ರೈವರಿಗೂ ಎಲೆಕ್ಟ್ರಿಷಿಯನ್ನಿಗೂ ಜಗಳವಾಗಿ ಮಾತು ಬಿಟ್ಟು ಎರಡು ವರ್ಷ ಆಗಿದೆ. ಇಲ್ಲಿ ಶುರು ಮಾಡಬೇಡಿ.

ಹಳೆವೈರ್, ಚಿಕ್ಕಮಗಳೂರು
ಜುಲೈ 13, ಸಂಜೆ 5:31

ಶುರು ಮಾಡಲ್ಲ. ಸರಿಯಾದ ಕ್ರಿಂಪಿಂಗ್ ಇಕ್ಕಳ ಇದ್ರೆ ಕ್ರಿಂಪ್. ಪಕ್ಕಡಿನಲ್ಲಿ ಚಪ್ಪಟೆ ಮಾಡೋದನ್ನ ಕ್ರಿಂಪ್ ಅನ್ನಲ್ಲ. ಇಕ್ಕಳ ಇಲ್ಲದಿದ್ರೆ ಸೋಲ್ಡರ್ ಮಾಡಿ. ಯಾವುದಾದ್ರೂ ಸರಿ, ಮೇಲೆ ಒಳಗಡೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಕೂರೋ ಕೊಳವೆ) ತೊಡಿಸಿ, ಮಲೆನಾಡ ತೇವಕ್ಕೆ ಬರೀ ಟೇಪ್ ನಿಲ್ಲಲ್ಲ.

ಗಂಗೆತಡಿ, ಕಡೂರು
ಜುಲೈ 14, ಮಧ್ಯಾಹ್ನ 1:20

ನನ್ನದು ಬೇರೆ. ಬಟನ್ ಒತ್ತಿದ್ರೆ ಮೋಟಾರ್ ಜೋರಾಗಿ ತಿರುಗುತ್ತೆ, ಕಟಕಟ ಸದ್ದು, ಗಾಜು ವಾರೆಯಾಗಿ ಒಳಗೆ ಬಿದ್ದಿದೆ. ಇದೂ ವೈರಾ?

ಹಳೆವೈರ್, ಚಿಕ್ಕಮಗಳೂರು
ಜುಲೈ 14, ಮಧ್ಯಾಹ್ನ 2:00

ಅಲ್ಲ. ಮೋಟಾರ್ ತಿರುಗ್ತಾ ಇದೆಯಲ್ಲ. ರೆಗ್ಯುಲೇಟರಿನ ಕೇಬಲ್ ತುಂಡಾಗಿದೆ, ಇಲ್ಲಾ ಗಾಜು ಹಿಡಿಯೋ ಪ್ಲಾಸ್ಟಿಕ್ ಒಡೆದಿದೆ. ಇನ್ನು ಒತ್ತಬೇಡಿ, ಬಿಚ್ಚಿಕೊಂಡ ಕೇಬಲ್ ಡ್ರಮ್ಮಿಗೆ ಸುತ್ತಿ ಮೋಟಾರನ್ನೂ ತಿಂತದೆ. ರೆಗ್ಯುಲೇಟರ್ ಬದಲಾಯಿಸಿ.

ಬೇಲೂರುರಸ್ತೆ, ಹಾಸನ
ಜುಲೈ 15, ರಾತ್ರಿ 9:30

ಮುಗೀತು. ವೈರು ಎರಡು ಮೀಟರ್, ಹೀಟ್ ಶ್ರಿಂಕ್, ಕ್ಲಿಪ್ಪು, ಸಿಲಿಕೋನ್ ಸ್ಪ್ರೇ ಎಲ್ಲ ಸೇರಿ 610 ರೂಪಾಯಿ. ಮೋಟಾರಿನ ಎರಡೂ ವೈರು ಬದಲಾಯಿಸಿದೆ, ಬೆಲ್ಲೋನ ಅಂಚು ಸರಿಯಾಗಿ ಕೂರಿಸಿದೆ, ಹರಿದ ಪ್ಲಾಸ್ಟಿಕ್ ಹಾಳೆಗೆ ಬ್ಯುಟೈಲ್ ಟೇಪ್ (ನೀರು ತಡೆಯೋ ಅಂಟು ರಬ್ಬರ್ ಪಟ್ಟಿ) ಹಾಕಿ ಅಂಟಿಸಿದೆ. ಬಾಗಿಲು ಹಾಕಿ, ಮೋಟಾರ್ ಓಡುವಾಗ ಈಗ 11.3.

ಒಂದು ಗಾಬರಿ ಆಯ್ತು. ಬ್ಯಾಟರಿ ವಾಪಸ್ ಹಾಕಿದ ಮೇಲೆ ಡ್ರೈವರ್ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರೋದು ನಿಂತುಹೋಯ್ತು. ಇದನ್ನ ಸರಿ ಮಾಡೋಕೆ ಹೋಗಿ ಅದನ್ನ ಕೆಡಿಸಿದೆ ಅಂತ ಎದೆ ಧಸಕ್ ಅಂತು. ಆಮೇಲೆ ಮ್ಯಾನುಯಲ್ ನೋಡಿದೆ. ಗಾಜು ಪೂರ್ತಿ ಏರಿಸಿ, ಏರಿದ ಮೇಲೂ ಬಟನ್ ಕೆಲವು ಸೆಕೆಂಡ್ ಎತ್ತಿ ಹಿಡಿದ್ರೆ ಅದು ಮತ್ತೆ ಕಲಿತುಕೊಳ್ಳುತ್ತೆ. ಕಲಿತುಕೊಂಡಿತು. ಬೇರೆ ಗಾಡಿಯಲ್ಲಿ ಕ್ರಮ ಬೇರೆ ಇರಬಹುದು, ಮ್ಯಾನುಯಲ್ ನೋಡಿಕೊಳ್ಳಿ.

ಮಳೆಕಾಡು, ಸಕಲೇಶಪುರ
ಜುಲೈ 15, ರಾತ್ರಿ 9:41

ಹಾಗಾದ್ರೆ ಬನ್ನಿ ನಮ್ಮ ಕಡೆ. ಬಾಳೆಹಣ್ಣು ಮನೇಲೇ ಬಿಟ್ಟು ಬನ್ನಿ.

ಹಳೆವೈರ್, ಚಿಕ್ಕಮಗಳೂರು
ಜುಲೈ 16, ಬೆಳಿಗ್ಗೆ 6:10

ಬಹಳ ಸಂತೋಷ. ಡ್ರೈವರ್ ಬಾಗಿಲಿನ ಬೆಲ್ಲೋ ನೋಡಿದ್ರಾ? ಎಡಗಡೆ ನೀರು ಸೇರಿ ಬೇಗ ಹೋಯ್ತು, ಅಷ್ಟೇ. ದಿನಾ ಜಾಸ್ತಿ ಸಲ ತೆಗೆದು ಹಾಕೋದು ಬಲಗಡೆ ಬಾಗಿಲು.

ಬೇಲೂರುರಸ್ತೆ, ಹಾಸನ
ಜುಲೈ 16, ರಾತ್ರಿ 8:55

ಈಗ ನೋಡಿದೆ. ಎರಡು ವೈರಿನ ಸಿಪ್ಪೆ ಬಿರುಕು ಬಿಟ್ಟಿದೆ, ಒಂದು ಹಿಗ್ಗುತ್ತೆ. ಉಳಿದ ವೈರು ಒಂದು ಮೀಟರ್ ಇದೆ. ಭಾನುವಾರ ಅತ್ತೆ ಮನೆಗೆ ಹೋಗೋದಿತ್ತು, ಬರಲ್ಲ ಅಂತ ಹೇಳಿದ್ದೀನಿ.